ಜರ್ಮನಿಯನ್ನು ಪ್ರಾಂತ್ಯ ಪ್ರಾಂತ್ಯವಾಗಿ ನೋಡುವುದು: ಪ್ರವಾಸಿಗರಿಗೊಂದು ಸಮಗ್ರ ಮಾರ್ಗದರ್ಶಿ

ಜರ್ಮನಿಗೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಬರ್ಲಿನ್‌ನ ಬ್ರಾಂಡೆನ್‌ಬುರ್ಗ್ ದ್ವಾರ, ಕಲೋನ್‌ನ ಕೆಥೆಡ್ರಲ್, ನೊಯ್‌ಶ್ವಾನ್‌ಸ್ಟೈನ್ ಅರಮನೆ, ಬ್ಲ್ಯಾಕ್ ಫಾರೆಸ್ಟ್, ಮ್ಯೂನಿಕ್. ಇವೆಲ್ಲ ದೇಶದ ಒಂದೊಂದು ಮೂಲೆಯಲ್ಲಿವೆ. ಒಂದೇ ವಾರದಲ್ಲಿ ಎಲ್ಲವನ್ನೂ ಮುಟ್ಟಿ ಬರಲು ಹೊರಟವರು ಬಹುಪಾಲು ನೋಡುವುದು ರೈಲಿನ ಕಿಟಕಿಯಾಚೆಗಿನ ಹೊಲಗಳನ್ನು ಮಾತ್ರ. ಈ ಮಾರ್ಗದರ್ಶಿ ಅಂಥ ಪಟ್ಟಿಯನ್ನು ಪಕ್ಕಕ್ಕಿಟ್ಟು, ಎರಡು ಅಥವಾ ಮೂರು ಪ್ರಾಂತ್ಯಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲೂ ಒಂದೇ ಊರಿನಲ್ಲಿ ತಂಗಿ, ಅಲ್ಲಿಂದ ಸುತ್ತಲಿನ ಪ್ರದೇಶವನ್ನು ನೋಡುವ ಕ್ರಮವನ್ನು ಹೇಳುತ್ತದೆ.

ಈ ಕ್ರಮಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಜರ್ಮನಿ ಒಂದು ರಾಷ್ಟ್ರವಾಗಿ ಒಂದುಗೂಡಿದ್ದು 1871ರಲ್ಲಿ. ಅದಕ್ಕೂ ಮೊದಲು, ನಮ್ಮಲ್ಲಿ ಮೈಸೂರು, ಹೈದರಾಬಾದು ಸಂಸ್ಥಾನಗಳಿದ್ದಂತೆ, ಅಲ್ಲಿ ಬವೇರಿಯಾ, ಸ್ಯಾಕ್ಸನಿ, ವ್ಯುರ್ಟೆಂಬೆರ್ಗ್‌ನಂಥ ರಾಜ್ಯಗಳೂ ಹತ್ತಾರು ಸಣ್ಣ ಪ್ರಭುತ್ವಗಳೂ ತಮ್ಮ ತಮ್ಮ ಆಸ್ಥಾನ, ನಾಟಕಶಾಲೆ, ಚಿತ್ರಸಂಗ್ರಹ, ವಿಶ್ವವಿದ್ಯಾಲಯಗಳನ್ನು ಕಟ್ಟಿಕೊಂಡಿದ್ದವು. ಇಂದಿನ 16 ರಾಜ್ಯಗಳಲ್ಲಿಯೂ ಶಿಕ್ಷಣ ಮತ್ತು ಸಂಸ್ಕೃತಿ ಮುಖ್ಯವಾಗಿ ರಾಜ್ಯಗಳ ಅಧಿಕಾರಕ್ಕೇ ಸೇರಿದ ವಿಷಯಗಳು. ಆದ್ದರಿಂದ ಪ್ಯಾರಿಸ್ ನೋಡಿ ಫ್ರಾನ್ಸ್ ಕಂಡೆವೆಂದುಕೊಳ್ಳುವವರು ಸಿಗಬಹುದಾದರೂ, ಬರ್ಲಿನ್ ನೋಡಿ ಜರ್ಮನಿ ಕಂಡೆವೆಂದು ಯಾವ ಜರ್ಮನ್ನರೂ ಒಪ್ಪಲಾರರು.

ಮೊದಲ ಹೆಜ್ಜೆ: ಋತು ಮತ್ತು ಪ್ರಾಂತ್ಯಗಳ ಆಯ್ಕೆ

ನಿಸರ್ಗವನ್ನು ನೋಡಲು ಹೋಗುವವರಿಗೆ ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಅನುಕೂಲ. ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುವುದರಿಂದ ಒಂದು ದಿನದಲ್ಲಿ ಎರಡು ದಿನದ ಸುತ್ತಾಟ ಸಾಧ್ಯ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಕತ್ತಲು ಕವಿಯುತ್ತದೆ. ಆದರೆ ಡಿಸೆಂಬರ್‌ಗೆ ಅದರದೇ ಆದ ಆಕರ್ಷಣೆಯಿದೆ. ನವೆಂಬರ್ ಕೊನೆಯ ವಾರದಿಂದ ಕ್ರಿಸ್‌ಮಸ್‌ ಮುನ್ನಾದಿನದವರೆಗೆ ಊರೂರಿನ ಚೌಕಗಳಲ್ಲಿ ಕ್ರಿಸ್‌ಮಸ್ ಸಂತೆಗಳು ನೆರೆಯುತ್ತವೆ. ಡ್ರೆಸ್ಡೆನ್‌ನ ಸಂತೆಯ ಉಲ್ಲೇಖ 1434ರಷ್ಟು ಹಿಂದಿನದು. ನವೆಂಬರ್ ಮೊದಲ ವಾರಗಳು ಮತ್ತು ಫೆಬ್ರವರಿಯಲ್ಲಿ ಹೋಗುವುದು, ಕಲೋನ್ ಅಥವಾ ನೈಋತ್ಯ ಜರ್ಮನಿಯ ಕಾರ್ನಿವಲ್ ನೋಡುವ ಉದ್ದೇಶವಿಲ್ಲದಿದ್ದರೆ, ಅಷ್ಟು ಹಿತವಲ್ಲ. ರೈನ್ ನದಿಯ ಪ್ರವಾಸಿ ಹಡಗುಗಳು ಮುಖ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡುತ್ತವೆ, ಹಲವು ಕೋಟೆಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನಗಳಿರುವುದರಿಂದ ಒಂದರಲ್ಲಿ ಇಳಿದು ಇನ್ನೊಂದರಿಂದ ಹಿಂದಿರುಗುವ ಟಿಕೆಟ್ ತೆಗೆದುಕೊಂಡರೆ ಬಂದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯುತ್ತದೆ. ಹತ್ತು ದಿನಗಳಿದ್ದವರು ಫ್ರಾಂಕ್‌ಫರ್ಟ್‌ನಿಂದ ರೈನ್ ಕಣಿವೆ, ಅಲ್ಲಿಂದ ಬ್ಲ್ಯಾಕ್ ಫಾರೆಸ್ಟ್, ಕೊನೆಗೆ ಬವೇರಿಯಾ ಎಂಬ ದಾರಿ ಹಿಡಿಯಬಹುದು. ಎರಡು ವಾರ ಇರುವವರಿಗೆ ನನ್ನ ಸಲಹೆ ಬೇರೆ: ಬ್ಲ್ಯಾಕ್ ಫಾರೆಸ್ಟನ್ನು ಬಿಟ್ಟು, ರೈನ್ ಕಣಿವೆಯ ನಂತರ ಪೂರ್ವದ ಲೈಪ್‌ಜಿಗ್, ಡ್ರೆಸ್ಡೆನ್, ಬರ್ಲಿನ್‌ಗಳಿಗೆ ಹೋಗಿ, ಆಮೇಲೆ ದಕ್ಷಿಣಕ್ಕೆ ಇಳಿಯಬೇಕು. ನಮ್ಮ ಪ್ರವಾಸಿಗಳು ಕಡೆಗಣಿಸುವ ಪೂರ್ವ ಜರ್ಮನಿಯೇ ಕಳೆದ ನೂರು ವರ್ಷಗಳ ಯೂರೋಪನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಭಾಗ.

ಎರಡನೆಯ ಹೆಜ್ಜೆ: ವೀಸಾ

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ, ಬೇಕು. ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಹದಿನೈದು ದಿನಗಳಿಗಿಂತ ತಡಮಾಡುವಂತಿಲ್ಲ. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ದಿನಾಂಕವೇ ಬೇಗ ಸಿಗದ ಕಾರಣ ಎರಡು ಮೂರು ತಿಂಗಳ ಮೊದಲೇ ಗೊತ್ತುಮಾಡಿಕೊಳ್ಳುವುದು ಕ್ಷೇಮ. ವಯಸ್ಕರ ಶುಲ್ಕ 90 ಯೂರೋ. ಬೆಂಗಳೂರಿನಲ್ಲೇ ಜರ್ಮನಿಯ ಕಾನ್ಸುಲೇಟ್ ಇದೆ, ಅರ್ಜಿಗಳನ್ನು ಅದರ ಪರವಾಗಿ ವಿಎಫ್‌ಎಸ್ ಎಂಬ ಸಂಸ್ಥೆಯ ಕೇಂದ್ರ ಸ್ವೀಕರಿಸುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ, ಬ್ಯಾಂಕ್ ವಿವರ, ಆದಾಯ ತೆರಿಗೆಯ ದಾಖಲೆ, ವಸತಿಯ ಬುಕಿಂಗ್ ಮತ್ತು ದಿನವಾರು ಪ್ರಯಾಣ ಯೋಜನೆ ಇವು ಮುಖ್ಯ ದಾಖಲೆಗಳು. ಹಲವು ದೇಶಗಳನ್ನು ಸೇರಿಸಿ ಹೋಗುವವರು ಅತಿ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವನ್ನು ಮರೆಯಬಾರದು. ಯಾವುದೋ ದೇಶದ ವೀಸಾ ಬೇಗ ಸಿಗುತ್ತದೆಂದು ಅಲ್ಲಿಗೆ ಅರ್ಜಿ ಹಾಕಿ, ಉಳಿದ ದಿನಗಳನ್ನೆಲ್ಲ ಜರ್ಮನಿಯಲ್ಲಿ ಕಳೆಯುವುದು ಗಡಿಯಲ್ಲಿ ಪ್ರಶ್ನೆಗೆ ಗುರಿಯಾಗಬಹುದು.

ಮೂರನೆಯ ಹೆಜ್ಜೆ: ರೈಲನ್ನು ಅರಿತುಕೊಳ್ಳುವುದು

ಜರ್ಮನಿಯ ಪ್ರವಾಸದ ಯಶಸ್ಸು ಅಥವಾ ಬೇಸರ ಬಹುತೇಕ ರೈಲಿನ ಟಿಕೆಟ್‌ನಲ್ಲೇ ನಿರ್ಧಾರವಾಗುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ರೈಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಐಸಿಇ, ಐಸಿ ಎಂಬವು ದೂರದ ವೇಗದ ರೈಲುಗಳು. ಆರ್‌ಇ, ಆರ್‌ಬಿ, ಎಸ್-ಬಾನ್ ಎಂಬವು ಪ್ರಾದೇಶಿಕ ರೈಲುಗಳು. 2023ರ ಮೇ 1ರಂದು 49 ಯೂರೋಗೆ ಆರಂಭವಾದ ಡಾಯ್ಚ್‌ಲಾಂಡ್-ಟಿಕೆಟ್ ಈಗ, 2026ರ ಆರಂಭದಿಂದ, ತಿಂಗಳಿಗೆ 63 ಯೂರೋ ಆಗಿದೆ. ಇದೊಂದಿದ್ದರೆ ಇಡೀ ದೇಶದ ಪ್ರಾದೇಶಿಕ ರೈಲು, ಮೆಟ್ರೊ, ಟ್ರಾಮ್ ಮತ್ತು ನಗರದ ಬಸ್ಸುಗಳಲ್ಲಿ ಮತ್ತೆ ಟಿಕೆಟ್ ಬೇಕಿಲ್ಲ. ಐಸಿಇ, ಐಸಿ ರೈಲುಗಳಿಗೆ ಮಾತ್ರ ಸಲ್ಲದು. ಪ್ರವಾಸಿಗಳೂ ಕೊಳ್ಳಬಹುದು. ಆದರೆ ಇದು ತಿಂಗಳಿಂದ ತಿಂಗಳಿಗೆ ತಾನಾಗಿ ಮುಂದುವರಿಯುವ ಚಂದಾ. ಆ ತಿಂಗಳ 10ನೆಯ ತಾರೀಕಿನೊಳಗೆ ರದ್ದುಪಡಿಸದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ. ಕೊಂಡ ದಿನವೇ ರದ್ದತಿಯ ದಿನಾಂಕವನ್ನು ಫೋನಿನಲ್ಲಿ ಗುರುತಿಟ್ಟುಕೊಳ್ಳಬೇಕು. ಕುಟುಂಬವಾಗಿ ಹೋಗುವವರಿಗೆ ಆಯಾ ರಾಜ್ಯದ ಒಂದು ದಿನದ ಟಿಕೆಟ್ ಇನ್ನೂ ಅಗ್ಗವಾಗಬಹುದು: ಬವೇರಿಯಾದ ಬಯರ್ನ್-ಟಿಕೆಟ್‌ನಲ್ಲಿ ಐದು ಜನರವರೆಗೆ ಒಟ್ಟಿಗೆ ಪ್ರಯಾಣಿಸಬಹುದು, ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ನಂತರ ಮಾತ್ರ ಅದು ಚಾಲ್ತಿಗೆ ಬರುತ್ತದೆ.

ದೂರದ ಪ್ರಯಾಣಕ್ಕೆ ಐಸಿಇ ಟಿಕೆಟನ್ನು ಮುಂಚಿತವಾಗಿ ಕೊಂಡರೆ ಬೆಲೆ ಬಹಳ ಇಳಿಯುತ್ತದೆ, ಆದರೆ ಆ ಅಗ್ಗದ ಟಿಕೆಟ್ ಅದೇ ರೈಲಿಗೆ ಕಟ್ಟುಬಿದ್ದಿರುತ್ತದೆ. ಸೀಟು ಕಾಯ್ದಿರಿಸುವುದು ಬೇರೆ ಶುಲ್ಕ; ವಾರಾಂತ್ಯದಲ್ಲಿ ಅದನ್ನು ಉಳಿಸಲು ಹೋಗಬಾರದು. ಜರ್ಮನ್ ರೈಲಿನ ಸಮಯಪಾಲನೆಯ ಖ್ಯಾತಿಯನ್ನು ನಂಬಿ ಐದು ನಿಮಿಷದಲ್ಲಿ ರೈಲು ಬದಲಾಯಿಸುವ ಲೆಕ್ಕದ ಮೇಲೆ ದಿನವನ್ನೇ ಕಟ್ಟುವುದು ಅಪಾಯ. 2024ರಲ್ಲಿ ದೂರದ ರೈಲುಗಳಲ್ಲಿ ಸುಮಾರು 62 ಪ್ರತಿಶತ ಮಾತ್ರ ಸಕಾಲದಲ್ಲಿ ತಲುಪಿದವು, ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವನ್ನು ‘ಸಕಾಲ’ ಎಂದು ಲೆಕ್ಕ ಹಾಕಿದ ಮೇಲೆ. ಬದಲಾವಣೆಗಳ ನಡುವೆ ಅರ್ಧ ಗಂಟೆಯಾದರೂ ಇರಲಿ. ತಲುಪುವುದು ಒಂದು ಗಂಟೆ ತಡವಾದರೆ ಟಿಕೆಟ್ ದರದ 25 ಪ್ರತಿಶತ, ಎರಡು ಗಂಟೆಯಾದರೆ 50 ಪ್ರತಿಶತ ಹಿಂದಕ್ಕೆ ಕೇಳುವ ಹಕ್ಕಿದೆ. ಇನ್ನೊಂದು ಎಚ್ಚರ: ಕೆಲವು ರೈಲುಗಳು ದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ, ಆದ್ದರಿಂದ ರೈಲಿನ ಹೆಸರನ್ನಷ್ಟೇ ಅಲ್ಲ, ಹತ್ತುವ ಬೋಗಿಯ ಮೇಲಿನ ಫಲಕವನ್ನೂ ಓದಬೇಕು. ನಿಲ್ದಾಣಗಳಲ್ಲಿ ಟಿಕೆಟ್ ತೋರಿಸಿ ದಾಟುವ ಗೇಟುಗಳಿಲ್ಲ. ಹಾಗೆಂದು ಟಿಕೆಟ್ ಇಲ್ಲದೆ ಹತ್ತಿದರೆ, ಅಥವಾ ಕಾಗದದ ಟಿಕೆಟನ್ನು ಯಂತ್ರದಲ್ಲಿ ಮುದ್ರೆ ಒತ್ತಿಸದೆ ಹತ್ತಿದರೆ, ದಂಡ 60 ಯೂರೋ. ಪರದೇಶಿಯೆಂಬ ರಿಯಾಯಿತಿ ಅಲ್ಲಿ ಸಿಗುವುದಿಲ್ಲ.

ನಾಲ್ಕನೆಯ ಹೆಜ್ಜೆ: ರೈನ್ ಕಣಿವೆಯಿಂದ ಆರಂಭಿಸುವುದು

ಮೊದಲ ಸಲ ಹೋಗುವವರು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ನಗರದೊಳಕ್ಕೆ ಹೋಗದೆ, ಎಸ್-ಬಾನ್ ಹಿಡಿದು ಮೈಂಟ್ಸ್‌ಗೆ ಹೋಗಿ, ಅಲ್ಲಿಂದ ನದಿಯ ಎಡದಂಡೆಯ ಪ್ರಾದೇಶಿಕ ರೈಲಿನಲ್ಲಿ ಬಾಖರಾಖ್ ಎಂಬ ಪುಟ್ಟ ಊರಿಗೆ ನೇರವಾಗಿ ಹೋಗಿ ತಂಗುವುದು ಒಳ್ಳೆಯದು. ದೀರ್ಘ ವಿಮಾನಯಾನದ ದಣಿವಾರಿಸಲು ದೊಡ್ಡ ನಗರಕ್ಕಿಂತ ಇಂಥ ಊರೇ ವಾಸಿ. ಊರಿನ ಮೇಲಿರುವ ಷ್ಟಾಲೆಕ್ ಕೋಟೆ ಇಂದು ಯುವ ವಸತಿಗೃಹ. ಮೊದಲೇ ಕಾಯ್ದಿರಿಸಿದರೆ ಕಡಿಮೆ ಖರ್ಚಿನಲ್ಲಿ ಕೋಟೆಯೊಳಗೇ ಮಲಗಬಹುದು, ಆದರೆ ಪೆಟ್ಟಿಗೆ ಹೊತ್ತು ಏರುವ ಶಕ್ತಿ ಬೇಕು.

ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ಉದ್ದದ ಈ ಕಣಿವೆಯನ್ನು ಯುನೆಸ್ಕೊ 2002ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಸೇರಿಸಿಕೊಂಡಿತು. ಇಷ್ಟು ಚಿಕ್ಕ ದೂರದಲ್ಲಿ ಇಷ್ಟೊಂದು ಕೋಟೆಗಳು ಏಕೆ ಎಂಬ ಪ್ರಶ್ನೆ ಯಾರಿಗೂ ಬರುತ್ತದೆ. ರೈನ್ ನದಿ ಮಧ್ಯಯುಗದ ವ್ಯಾಪಾರದ ಹೆದ್ದಾರಿಯಾಗಿತ್ತು, ದಂಡೆಯ ಒಡೆತನ ಹಲವು ಪ್ರಭುಗಳಲ್ಲಿ ಹಂಚಿಹೋಗಿತ್ತು, ಒಬ್ಬೊಬ್ಬರೂ ತಮ್ಮ ಗಡಿಯಲ್ಲಿ ಹಡಗು ತಡೆದು ಸುಂಕ ವಸೂಲು ಮಾಡುತ್ತಿದ್ದರು. ಕೌಬ್ ಊರಿನ ಎದುರು ನದಿಯ ನಡುವಿನ ಬಂಡೆಯ ಮೇಲೆ ಹಡಗಿನಂತೆಯೇ ನಿಂತಿರುವ ಪ್ಫಾಲ್ಸ್‌ಗ್ರಾಫೆನ್‌ಷ್ಟೈನ್ ಕಟ್ಟಿದ್ದು ಇದೊಂದೇ ಉದ್ದೇಶಕ್ಕೆ.

ಇಲ್ಲೊಂದು ವಿಷಯವನ್ನು ಗಮನಿಸಿದರೆ ಮುಂದಿನ ಇಡೀ ಪ್ರವಾಸಕ್ಕೆ ಅದು ಕೀಲಿಕೈಯಾಗುತ್ತದೆ. ಜರ್ಮನಿಯಲ್ಲಿ ‘ಹಳೆಯದು’ ಎಂದು ಕಾಣುವ ಕಟ್ಟಡಗಳನ್ನು ಮೂರು ಪದರಗಳಾಗಿ ಬಿಡಿಸಿ ನೋಡಬೇಕು. ಮೊದಲನೆಯದು ನಿಜವಾಗಿ ಮಧ್ಯಯುಗದ್ದು. ಅದು ಕಡಿಮೆ, ಏಕೆಂದರೆ ಈ ದಂಡೆಯ ಹಲವು ಕೋಟೆಗಳನ್ನು ಹದಿನಾಲ್ಕನೆಯ ಲೂಯಿಯ ಫ್ರೆಂಚ್ ಸೈನ್ಯ 1689ರ ಸುಮಾರಿಗೆ ಕೆಡವಿತ್ತು. ಬ್ರೌಬಾಖ್ ಊರಿನ ಮೇಲಿರುವ ಮಾರ್ಕ್ಸ್‌ಬುರ್ಗ್ ಎಂದೂ ನಾಶವಾಗದೆ ಉಳಿದ ಕೋಟೆ. ಈ ಕಣಿವೆಯಲ್ಲಿ ಒಂದೇ ಕೋಟೆಯ ಒಳಗೆ ಹೋಗಲು ಸಮಯವಿದ್ದರೆ ಅದನ್ನೇ ಆರಿಸಬೇಕು. ಎರಡನೆಯ ಪದರ ಹತ್ತೊಂಬತ್ತನೆಯ ಶತಮಾನದ ಕನಸು: ಅಂದಿನ ಪ್ರಷ್ಯಾ ರಾಜ್ಯದ ರಾಜಮನೆತನದವರು ಪಾಳುಬಿದ್ದ ರೈನ್‌ಷ್ಟೈನ್, ಷ್ಟೋಲ್ಸೆನ್‌ಫೆಲ್ಸ್ ಕೋಟೆಗಳನ್ನು ತಮ್ಮ ಕಲ್ಪನೆಯ ಮಧ್ಯಯುಗಕ್ಕೆ ತಕ್ಕಂತೆ ಮತ್ತೆ ಕಟ್ಟಿಸಿದರು. ಕಲೋನ್‌ನ ಕೆಥೆಡ್ರಲ್ 1248ರಲ್ಲಿ ಆರಂಭವಾಗಿ, ಶತಮಾನಗಳ ಕಾಲ ಅರ್ಧಕ್ಕೇ ನಿಂತು, 157 ಮೀಟರ್ ಎತ್ತರದ ಗೋಪುರಗಳೊಂದಿಗೆ ಪೂರ್ಣವಾದದ್ದು 1880ರಲ್ಲಿ. ಮೂರನೆಯ ಪದರ ಎರಡನೆಯ ಮಹಾಯುದ್ಧದ ಬಾಂಬುಗಳ ನಂತರ ಪುನಃ ಎದ್ದದ್ದು. ಫ್ರಾಂಕ್‌ಫರ್ಟ್‌ನ ಹಳೆಯ ಪೇಟೆಯಂತೆ ಕಾಣುವ ಒಂದು ಭಾಗ ಮುಗಿದದ್ದು 2018ರಲ್ಲಿ. ಇದನ್ನು ಮೋಸವೆಂದು ತಿಳಿಯಬೇಕಾಗಿಲ್ಲ. ಯಾವ ಕಾಲದವರು ತಮ್ಮ ಹಿಂದಿನದನ್ನು ಹೇಗೆ ನೆನೆಯಲು ಬಯಸಿದರು ಎಂಬುದೂ ಸಂಸ್ಕೃತಿಯ ಭಾಗವೇ.

ಕಣಿವೆಯನ್ನು ನೋಡುವ ಕ್ರಮ ಹೀಗಿರಲಿ. ಬೆಳಗ್ಗೆ ಬಾಖರಾಖ್‌ನಿಂದ ಹಡಗು ಹತ್ತಿ ಸಾಂಕ್ಟ್ ಗೋರ್‌ವರೆಗೆ ಹೋಗಬೇಕು. ನದಿ ಉತ್ತರಕ್ಕೆ ಹರಿಯುವುದರಿಂದ ಇದು ಪ್ರವಾಹದ ದಿಕ್ಕು, ಪ್ರಯಾಣ ಒಂದು ಗಂಟೆಯೊಳಗೆ ಮುಗಿಯುತ್ತದೆ. ಎದುರು ದಿಕ್ಕಿನಲ್ಲಿ ಹೋಗುವವರು ಹೆಚ್ಚು ಹೊತ್ತು ಕೂತಿರಬೇಕು. ಕೌಬ್‌ನ ಸುಂಕದ ಕೋಟೆಯೂ 132 ಮೀಟರ್ ಎತ್ತರದ ಲೊರೆಲೈ ಬಂಡೆಯೂ ಈ ತುಣುಕಿನಲ್ಲೇ ಬರುತ್ತವೆ. ಬಂಡೆಯ ಮೇಲೆ ಕುಳಿತು ಹಾಡಿ ಅಂಬಿಗರನ್ನು ಮುಳುಗಿಸುತ್ತಿದ್ದ ಹೆಣ್ಣಿನ ಕಥೆ ಪ್ರಸಿದ್ಧ. ನಿಜವಾದ ಅಪಾಯ ನದಿ ಅಲ್ಲಿ ಕಿರಿದಾಗಿ ತಿರುಗುವುದರಲ್ಲೂ ನೀರಿನಡಿಯ ಬಂಡೆಗಳಲ್ಲೂ ಇತ್ತು. ಸಾಂಕ್ಟ್ ಗೋರ್‌ನಲ್ಲಿ ಇಳಿದು ರೈನ್‌ಫೆಲ್ಸ್ ಕೋಟೆಯ ಅವಶೇಷಗಳಿಗೆ ಏರಿ, ನಂತರ ದೋಣಿಯಲ್ಲಿ ಎದುರು ದಂಡೆಗೆ ದಾಟಿ ಲೊರೆಲೈ ಬಂಡೆಯ ನೆತ್ತಿಗೆ ಹೋಗಬಹುದು. ಮೈಂಟ್ಸ್ ಮತ್ತು ಕೊಬ್ಲೆನ್ಸ್ ನಡುವೆ ರೈನ್‌ಗೆ ಸೇತುವೆಯೇ ಇಲ್ಲದ ಕಾರಣ ಈ ದೋಣಿಗಳು ಪ್ರವಾಸಿಗಳಿಗಾಗಿ ಇಟ್ಟ ಅಲಂಕಾರವಲ್ಲ, ಊರಿನವರು ದಿನವೂ ಬಳಸುವ ಸಾರಿಗೆ. ಸಂಜೆ ರೈಲಿನಲ್ಲಿ ಬಾಖರಾಖ್‌ಗೆ ಮರಳಬೇಕು. ಸ್ಲೇಟ್ ಕಲ್ಲಿನ ಕಡಿದಾದ ಇಳಿಜಾರುಗಳಲ್ಲಿ ರೀಸ್ಲಿಂಗ್ ದ್ರಾಕ್ಷಿಯ ತೋಟಗಳಿವೆ. ಬಾಗಿಲಿಗೆ ಸೊಪ್ಪಿನ ಗೊಂಚಲು ಅಥವಾ ಪೊರಕೆ ಕಟ್ಟಿದ ಮನೆ ಕಂಡರೆ, ಬೆಳೆಗಾರರೇ ವರ್ಷದ ಕೆಲವು ತಿಂಗಳು ತಮ್ಮ ವೈನ್ ಮತ್ತು ಸರಳ ಊಟ ಕೊಡುವ ಜಾಗವೆಂದು ತಿಳಿಯಬೇಕು. ವೈನ್ ಬೇಡವೆಂದವರಿಗೆ ಅಲ್ಲೇ ಹಿಂಡಿದ ದ್ರಾಕ್ಷಿ ರಸವೂ ಸಿಗುತ್ತದೆ.

ಐದನೆಯ ಹೆಜ್ಜೆ: ನೈಋತ್ಯದ ಎರಡು ಊರುಗಳು, ಒಂದು ರೈಲುಮಾರ್ಗ

ಕನ್ನಡಿಗರಿಗೆ ಟ್ಯೂಬಿಂಗೆನ್ ಬಿಡಬಾರದ ಊರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇಲ್ಲಿ. ಆ ಕೆಲಸಕ್ಕಾಗಿ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದೂ ಇಲ್ಲಿನ ವಿಶ್ವವಿದ್ಯಾಲಯವೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಈ ಊರಿನಲ್ಲಿ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಸುತ್ತ ಬೆಳೆದ ಊರು ಯುದ್ಧದಲ್ಲಿ ಹೆಚ್ಚು ಹಾನಿಗೊಳಗಾಗದೆ ಉಳಿಯಿತು. ನೆಕಾರ್ ನದಿಯಲ್ಲಿ ವಿದ್ಯಾರ್ಥಿಗಳು ಉದ್ದನೆಯ ಗಳು ಊರಿ ನಡೆಸುವ ದೋಣಿಯಲ್ಲಿ ಕುಳಿತರೆ ಬಣ್ಣದ ಮನೆಗಳ ಸಾಲನ್ನು ನೀರಿನ ಕಡೆಯಿಂದ ನೋಡಬಹುದು. ಷ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯ ದಾರಿ.

ಬ್ಲ್ಯಾಕ್ ಫಾರೆಸ್ಟ್‌ಗೆ ಹೋಗುವವರು ಫ್ರೈಬುರ್ಗ್‌ನಲ್ಲಿ ತಂಗುವುದು ಅನುಕೂಲ. ಬೀದಿಗಳ ಪಕ್ಕ ಹರಿಯುವ ಸಣ್ಣ ನೀರಿನ ಕಾಲುವೆಗಳೂ 116 ಮೀಟರ್ ಎತ್ತರದ ಗೋಪುರವುಳ್ಳ ಚರ್ಚೂ ಆ ಊರಿನ ಗುರುತು. ಕಾಡಿನ ಹಳ್ಳಿಗಳಲ್ಲಿ ತಂಗುವವರಿಗೆ ವಸತಿಗೃಹದವರೇ ಕೊನೂಸ್ ಎಂಬ ಅತಿಥಿ ಕಾರ್ಡ್ ಕೊಡುವುದುಂಟು. ಅದರಿಂದ ಆ ಪ್ರದೇಶದ ಬಸ್ಸು, ಪ್ರಾದೇಶಿಕ ರೈಲುಗಳು ಉಚಿತವಾಗುತ್ತವೆ. ಕೇಳಿ ಪಡೆಯಬೇಕು. ಒಂದು ದಿನವನ್ನು ಓಫೆನ್‌ಬುರ್ಗ್‌ನಿಂದ ಕೊನ್‌ಷ್ಟಾನ್ಸ್ ಕಡೆಗಿನ ಷ್ವಾರ್ಟ್ಸ್‌ವಾಲ್ಡ್ (ಬ್ಲ್ಯಾಕ್ ಫಾರೆಸ್ಟ್) ರೈಲುಮಾರ್ಗಕ್ಕೆ ಮೀಸಲಿಡಬೇಕು. ರಾಬರ್ಟ್ ಗೆರ್ವಿಗ್ ಎಂಬ ಇಂಜಿನಿಯರ್ ಕಟ್ಟಿದ ಈ ದಾರಿ 1873ರಲ್ಲಿ ಪೂರ್ಣವಾಯಿತು. ಹೋರ್ನ್‌ಬೆರ್ಗ್‌ನಿಂದ ಮೇಲಕ್ಕೆ ಸುರಂಗದ ಮೇಲೆ ಸುರಂಗ ದಾಟಿ, ಬೆಟ್ಟದ ಮೈಮೇಲೆ ಕುಣಿಕೆ ಹಾಕುತ್ತ ಏರುವಾಗ ಆಗಲೇ ದಾಟಿ ಬಂದ ಹಳಿ ಕೆಳಗೆ ಕಾಣುತ್ತದೆ. ಅದೇ ಗೆರ್ವಿಗ್ ಫುರ್ಟ್‌ವಾಂಗೆನ್‌ನ ಗಡಿಯಾರ ಶಾಲೆಯ ಮೊದಲ ನಿರ್ದೇಶಕ. ಅಲ್ಲಿನ ಗಡಿಯಾರ ಸಂಗ್ರಹಾಲಯ, ಹಿಮದ ತಿಂಗಳುಗಳಲ್ಲಿ ಬೇರೆ ದುಡಿಮೆಯಿಲ್ಲದ ರೈತರು ಮರದ ಗಡಿಯಾರ ಮಾಡಲು ತೊಡಗಿದ ಕಥೆಯನ್ನು ಟ್ರೀಬೆರ್ಗ್ ಊರಿನ ಗಡಿಯಾರದ ಅಂಗಡಿ ಸಾಲಿಗಿಂತ ಚೆನ್ನಾಗಿ ಹೇಳುತ್ತದೆ. ಕುಕ್ಕೂ ಗಡಿಯಾರ ಕೊಳ್ಳುವುದಾದರೆ ಸರಪಳಿಗೆ ಭಾರ ತೂಗುವ, ಯಾಂತ್ರಿಕ ಚಲನೆಯದೆಂಬ ಪ್ರಮಾಣಪತ್ರ ಇರುವುದನ್ನೇ ಕೊಳ್ಳಬೇಕು. ಗುಟಾಖ್‌ನ ಬಯಲು ಸಂಗ್ರಹಾಲಯದಲ್ಲಿ 1612ರ ರೈತನ ಮನೆಯೊಂದು ತನ್ನ ಮೂಲ ಜಾಗದಲ್ಲೇ ನಿಂತಿದೆ. ಒಂದೇ ದೊಡ್ಡ ಸೂರಿನಡಿ ಜನ, ದನ, ಹುಲ್ಲು ಎಲ್ಲವೂ ಇದ್ದ ವ್ಯವಸ್ಥೆಯನ್ನು ಅಲ್ಲಿ ಒಳಹೊಕ್ಕು ನೋಡಬಹುದು.

ಆರನೆಯ ಹೆಜ್ಜೆ: ಬವೇರಿಯಾ

ಕರ್ನಾಟಕದೊಂದಿಗೆ 2007ರಿಂದ ಸಹಭಾಗಿತ್ವ ಹೊಂದಿರುವ ರಾಜ್ಯವಿದು. ಮ್ಯೂನಿಕ್‌ನಲ್ಲಿ ತಂಗಿ ಆಲ್ಪ್ಸ್ ಕಡೆಗೆ ದಿನದ ಪ್ರವಾಸ ಮಾಡಬಹುದು. ನೊಯ್‌ಶ್ವಾನ್‌ಸ್ಟೈನ್‌ಗೆ ಫ್ಯುಸೆನ್‌ವರೆಗೆ ಎರಡು ಗಂಟೆಯ ರೈಲು, ಅಲ್ಲಿಂದ ಬಸ್ಸು. ಬವೇರಿಯಾದ ರಾಜ ಎರಡನೆಯ ಲುಡ್ವಿಗ್ 1869ರಲ್ಲಿ ಆರಂಭಿಸಿದ ಈ ಅರಮನೆ ಅವನು 1886ರಲ್ಲಿ ಸತ್ತಾಗಲೂ ಮುಗಿದಿರಲಿಲ್ಲ. ಹೊರಗೆ ಮಧ್ಯಯುಗದ ವೇಷ, ಒಳಗೆ ಬಿಸಿಗಾಳಿಯ ವ್ಯವಸ್ಥೆ, ಕೊಳಾಯಿ ನೀರು, ಟೆಲಿಫೋನು: ಮೇಲೆ ಹೇಳಿದ ಎರಡನೆಯ ಪದರಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವಿಲ್ಲ. ಲುಡ್ವಿಗ್‌ನ ಅರಮನೆಗಳು 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ, ಸಮಯ ನಿಗದಿಯಾದ ಟಿಕೆಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಪಡೆಯದೆ ಹೋಗುವುದು ಇನ್ನಷ್ಟು ವ್ಯರ್ಥ. ಒಳಗಿನ ಸುತ್ತು ಅರ್ಧ ಗಂಟೆಯ ಚಿಲ್ಲರೆ, ಫೋಟೊ ತೆಗೆಯುವಂತಿಲ್ಲ. ಒಳಗೆ ಹೋಗಲು ಆಗದಿದ್ದರೆ ಹೆಚ್ಚು ಕೊರಗಬೇಕಿಲ್ಲ. ಮರೀನ್‌ಬ್ರ್ಯುಕೆ ಸೇತುವೆಯಿಂದ ಕಾಣುವ ನೋಟವೇ ಅದರ ಸಾರ.

ನಿಸರ್ಗಕ್ಕಾಗಿ ನಾನು ಹೆಚ್ಚು ಬೆಲೆ ಕೊಡುವುದು ಬೆರ್ಖ್‌ಟೆಸ್‌ಗಾಡೆನ್ ಬಳಿಯ ಕೊನಿಗ್ಸ್‌ಜೇ ಸರೋವರಕ್ಕೆ. 1909ರಿಂದಲೂ ಇಲ್ಲಿ ಓಡುತ್ತಿರುವುದು ವಿದ್ಯುತ್ ದೋಣಿಗಳು, ಹೀಗಾಗಿ ನೀರೂ ಗಾಳಿಯೂ ಶುಭ್ರ. ನಡುದಾರಿಯಲ್ಲಿ ದೋಣಿ ನಿಲ್ಲಿಸಿ ನಾವಿಕನೊಬ್ಬ ಕಹಳೆ ಊದುತ್ತಾನೆ, ಬಂಡೆಗೋಡೆ ಅದನ್ನು ಮಾರುನುಡಿಯುತ್ತದೆ. ಬಹುತೇಕರು ಸಾಂಕ್ಟ್ ಬಾರ್ತೊಲೊಮೇ ಚರ್ಚಿನ ಬಳಿ ಇಳಿದು ಮರಳುತ್ತಾರೆ. ಕೊನೆಯ ನಿಲ್ದಾಣ ಸಾಲೆಟ್‌ವರೆಗೆ ಹೋಗಿ, ಅಲ್ಲಿಂದ ಸ್ವಲ್ಪ ನಡೆದರೆ ಓಬರ್‌ಜೇ ಎಂಬ ಇನ್ನೊಂದು ಸರೋವರ ಸಿಗುತ್ತದೆ. ಮ್ಯೂನಿಕ್‌ನಿಂದ ಹೋಗಿ ಬರಲು ಇಡೀ ದಿನ ಬೇಕು. ಜರ್ಮನಿಯ ಅತ್ಯುನ್ನತ ಶಿಖರ ತ್ಸುಗ್‌ಷ್ಪಿಟ್ಸೆ (2,962 ಮೀಟರ್) ಏರಲು ಹಲ್ಲುಗಾಲಿ ರೈಲೂ ಕೇಬಲ್ ಕಾರೂ ಇವೆ, ಟಿಕೆಟ್ ದುಬಾರಿ. ಅಂದು ಬೆಳಗ್ಗೆ ಶಿಖರದ ವೆಬ್‌ಕ್ಯಾಮ್ ನೋಡಿ ಮೋಡವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಬೇಕು.

ಅಕ್ಟೋಬರ್‌ಫೆಸ್ಟ್ 1810ರ ರಾಜಮನೆತನದ ಮದುವೆಯೊಂದರಿಂದ ಬೆಳೆದು ಬಂದದ್ದು; ಹೆಸರಿಗೆ ಅಕ್ಟೋಬರ್ ಆದರೂ ಸೆಪ್ಟೆಂಬರ್‌ನ ಎರಡನೆಯ ಭಾಗದಲ್ಲೇ ಆರಂಭವಾಗುತ್ತದೆ, ಆಗ ವಸತಿಯ ದರ ಹಲವು ಪಟ್ಟು ಏರುತ್ತದೆ. ಬವೇರಿಯಾದ ಬದುಕನ್ನು ನೋಡಬೇಕೆನ್ನುವವರಿಗೆ ಸಾಮಾನ್ಯ ಸಂಜೆಯ ಬಿಯರ್ ಗಾರ್ಡನ್ ಸಾಕು. ಚೆಸ್ಟ್‌ನಟ್ ಮರಗಳ ಕೆಳಗಿನ ಉದ್ದ ಬೆಂಚುಗಳಲ್ಲಿ ಅಪರಿಚಿತರ ಪಕ್ಕ ‘ಇಲ್ಲಿ ಜಾಗವಿದೆಯೇ’ ಎಂದು ಕೇಳಿ ಕೂರುವುದು ವಾಡಿಕೆ. ಹಾಸುಬಟ್ಟೆ ಇಲ್ಲದ ಮೇಜುಗಳಲ್ಲಿ ಪಾನೀಯವನ್ನು ಮಾತ್ರ ಅಲ್ಲಿ ಕೊಂಡು, ಊಟವನ್ನು ಮನೆಯಿಂದಲೇ ತಂದು ತಿನ್ನುವ ಹಕ್ಕು ಹಳೆಯ ಸಂಪ್ರದಾಯವಾಗಿ ಉಳಿದಿದೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ಉಪಕಾರಿಯಾದ ಪದ್ಧತಿ ಬೇರೆಯಿಲ್ಲ.

ಮ್ಯೂನಿಕ್‌ನ ಹೊರವಲಯದಲ್ಲೇ ಡಾಖೌ ಇದೆ. 1933ರ ಮಾರ್ಚ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ತೆರೆದ ಯಾತನಾ ಶಿಬಿರವಿದು. ಪ್ರವೇಶ ಉಚಿತ. ಅರ್ಧ ದಿನ ಬೇಕು, ಅಂದು ಸಂಜೆಗೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ಒಳ್ಳೆಯದು. ಚಿಕ್ಕ ಮಕ್ಕಳನ್ನು ಕರೆದೊಯ್ಯಬಾರದು.

ಏಳನೆಯ ಹೆಜ್ಜೆ: ಪೂರ್ವಕ್ಕೆ

ಲೈಪ್‌ಜಿಗ್‌ನ ಥೋಮಸ್ ಚರ್ಚಿನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೆ ಸಂಗೀತ ನಿರ್ದೇಶಕನಾಗಿದ್ದ. 1212ರಷ್ಟು ಹಳೆಯದಾದ ಅಲ್ಲಿನ ಬಾಲಕರ ಗಾಯನ ತಂಡ, ಶಾಲಾ ರಜೆಯಿಲ್ಲದ ವಾರಗಳಲ್ಲಿ, ಶುಕ್ರವಾರ ಸಂಜೆ ಮತ್ತು ಶನಿವಾರ ಮಧ್ಯಾಹ್ನ ಹಾಡುತ್ತದೆ. ಅಲ್ಪ ಶುಲ್ಕಕ್ಕೆ ಬಾಖ್‌ನ ಸಂಗೀತವನ್ನು ಅವನು ದುಡಿದ ಜಾಗದಲ್ಲೇ ಕೇಳಬಹುದು. ಹತ್ತು ನಿಮಿಷ ನಡೆದರೆ ನಿಕೊಲಾಯ್ ಚರ್ಚು. ಅಲ್ಲಿನ ಸೋಮವಾರದ ಪ್ರಾರ್ಥನೆಗಳಿಂದ, ಅಂದಿನ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಬೆಳೆದ ಪ್ರತಿಭಟನೆ 1989ರ ಅಕ್ಟೋಬರ್ 9ರಂದು ಸುಮಾರು 70,000 ಜನರ ಮೆರವಣಿಗೆಯಾಯಿತು. ಪೊಲೀಸರು ಗುಂಡು ಹಾರಿಸಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಡ್ರೆಸ್ಡೆನ್‌ನ ಫ್ರೌವೆನ್ ಚರ್ಚು 1945ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಕುಸಿದು, ಹಲವು ದಶಕ ಕಲ್ಲುರಾಶಿಯಾಗಿದ್ದು, 2005ರಲ್ಲಿ ಮತ್ತೆ ತೆರೆಯಿತು. ಹೊಸ ಕಲ್ಲಿನ ನಡುವೆ ಅಲ್ಲಲ್ಲಿ ಕಾಣುವ ಕಪ್ಪು ಕಲ್ಲುಗಳು ಹಳೆಯ ಕಟ್ಟಡದವು. ಅಲ್ಲಿಂದ ಎಸ್-ಬಾನ್‌ನಲ್ಲಿ ರಾಟೆನ್‌ಗೆ ಹೋಗಿ, ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿ, ಮರಳುಗಲ್ಲಿನ ಕಂಬಗಳ ನಡುವೆ 1851ರಲ್ಲಿ ಕಟ್ಟಿದ ಬಾಸ್ಟೈ ಸೇತುವೆಗೆ ಏರಬಹುದು. ನದಿಯಿಂದ ಅಲ್ಲಿನ ಬಂಡೆಗಳ ಎತ್ತರ ಸುಮಾರು 194 ಮೀಟರ್. ಹತ್ತು ಗಂಟೆಯ ನಂತರ ಅಲ್ಲಿ ನೂಕುನುಗ್ಗಲು, ಆದ್ದರಿಂದ ಬೆಳಗಿನ ಮೊದಲ ರೈಲುಗಳೇ ಲೇಸು. ಕಾಲ್ನಡಿಗೆ ಜರ್ಮನ್ನರ ದೊಡ್ಡ ವ್ಯಸನ. ದಾರಿಯ ಗುರುತುಗಳು ಮರಗಳ ಮೇಲೆ ಎಷ್ಟು ಕ್ರಮವಾಗಿವೆಯೆಂದರೆ ನಕ್ಷೆಯಿಲ್ಲದೆಯೂ ನಡೆಯಬಹುದು, ಎದುರಾದವರಿಗೆ ನಮಸ್ಕಾರ ಹೇಳುವುದು ಮಾತ್ರ ಅಲಿಖಿತ ನಿಯಮ.

ಬರ್ಲಿನ್‌ನಲ್ಲಿ ಗೋಡೆಯನ್ನು ಅರಿಯಲು ಚೆಕ್‌ಪಾಯಿಂಟ್ ಚಾರ್ಲಿ ಎಂಬ ಹಳೆಯ ಗಡಿ ಠಾಣೆಯನ್ನು ಬಿಟ್ಟು ಬೆರ್ನೌವರ್ ಬೀದಿಯ ಸ್ಮಾರಕಕ್ಕೆ ಹೋಗಬೇಕು. ಸಂಸತ್ತಿನ ಗಾಜಿನ ಗುಮ್ಮಟ ಉಚಿತ, ಆದರೆ ಹೆಸರು ಮತ್ತು ಜನ್ಮದಿನಾಂಕ ಕೊಟ್ಟು ಮುಂಚೆ ನೋಂದಾಯಿಸಿಕೊಳ್ಳಬೇಕು. ಪೆರ್ಗಮೋನ್ ಸಂಗ್ರಹಾಲಯ 2023ರ ಅಕ್ಟೋಬರ್‌ನಿಂದ ದುರಸ್ತಿಗಾಗಿ ಮುಚ್ಚಿರುವುದರಿಂದ ಹಳೆಯ ಪ್ರವಾಸಿ ಕೈಪಿಡಿಗಳನ್ನು ನಂಬಿ ಹೋಗಬಾರದು. ಪ್ರಾಚೀನ ಈಜಿಪ್ಟಿನ ರಾಣಿ ನೆಫೆರ್ಟಿಟಿಯ ಪ್ರತಿಮೆ ಇರುವ ನೊಯೆಸ್ ಮ್ಯೂಸಿಯಂ ಪಕ್ಕದಲ್ಲೇ ಇದೆ. ಬೀದಿಯಲ್ಲಿ ನಡೆಯುವಾಗ ಕಾಲಡಿಯ ಪುಟ್ಟ ಹಿತ್ತಾಳೆ ಫಲಕಗಳನ್ನು ಗಮನಿಸಬೇಕು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಆರಂಭಿಸಿದ ಈ ಕೆಲಸದಲ್ಲಿ, ನಾಜಿಗಳ ಹಿಂಸೆಗೆ ಬಲಿಯಾದವರ ಹೆಸರು ಮತ್ತು ಇಸವಿಗಳನ್ನು ಅವರು ವಾಸವಿದ್ದ ಮನೆಯ ಮುಂದೆಯೇ ಹುದುಗಿಸಲಾಗಿದೆ.

ಉತ್ತರದ ಕರಾವಳಿಗೆ ಹೋಗುವಷ್ಟು ಸಮಯ ಹೆಚ್ಚಿನವರಿಗೆ ಇರುವುದಿಲ್ಲ. ಇದ್ದವರು ಕಿಟೆಲ್ ಹುಟ್ಟಿದ ಪೂರ್ವ ಫ್ರೀಸ್‌ಲಾಂಡ್‌ಗೆ ಹೋಗಿ, ಕಲ್ಲುಸಕ್ಕರೆಯ ಮೇಲೆ ಅಸ್ಸಾಂ ಚಹಾ ಸುರಿದು, ಕೆನೆ ತೇಲಿಬಿಟ್ಟು, ಕದಡದೆ ಕುಡಿಯುವ ಅಲ್ಲಿನ ಕ್ರಮವನ್ನು ನೋಡಬಹುದು. ಸಾಕೆನಿಸಿದಾಗ ಚಮಚವನ್ನು ಬಟ್ಟಲಿನಲ್ಲಿ ಇಡಬೇಕು, ಇಲ್ಲದಿದ್ದರೆ ಮನೆಯವರು ಸುರಿಯುತ್ತಲೇ ಇರುತ್ತಾರೆ.

ಎಂಟನೆಯ ಹೆಜ್ಜೆ: ದಿನನಿತ್ಯದ ನಡವಳಿಕೆ ಮತ್ತು ಊಟ

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿಗಳು ಕೆಲವು ಗಂಟೆ, ದೊಡ್ಡ ರೈಲು ನಿಲ್ದಾಣಗಳ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಆದ್ದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ಸಂಗ್ರಹಾಲಯಗಳು ಬಹುಪಾಲು ಸೋಮವಾರ ಮುಚ್ಚುತ್ತವೆ. ಈ ಎರಡನ್ನು ಜೋಡಿಸಿದರೆ ವೇಳಾಪಟ್ಟಿ ತಾನೇ ಸಿದ್ಧವಾಗುತ್ತದೆ: ಭಾನುವಾರ ಸಂಗ್ರಹಾಲಯ, ಸೋಮವಾರ ಬೆಟ್ಟ ಅಥವಾ ನದಿ. ರಾತ್ರಿ ಹತ್ತರ ನಂತರ ಗದ್ದಲ ಸಲ್ಲದು. ಬಾಡಿಗೆ ಮನೆಗಳಲ್ಲಿ ತಂಗುವ ದೊಡ್ಡ ಕುಟುಂಬಗಳು ಇದನ್ನು ವಿಶೇಷವಾಗಿ ನೆನಪಿಡಬೇಕು. ಸಣ್ಣ ಅಂಗಡಿಗೆ ಕಾಲಿಟ್ಟಾಗ ‘ಗೂಟೆನ್ ಟಾಗ್’, ಬವೇರಿಯಾದಲ್ಲಿ ‘ಗ್ರ್ಯೂಸ್ ಗಾಟ್’, ಉತ್ತರದಲ್ಲಿ ‘ಮೊಯ್ನ್’ ಎಂದರೆ ಎದುರಿನವರ ಮುಖಚರ್ಯೆಯೇ ಬದಲಾಗುತ್ತದೆ. ಬಿಸಿನೀರಿನ ಸ್ನಾನಗೃಹಗಳ ಸೌನಾ ವಿಭಾಗದಲ್ಲಿ ಗಂಡಸರೂ ಹೆಂಗಸರೂ ಬಟ್ಟೆಯಿಲ್ಲದೆ ಕೂರುವುದು ಅಲ್ಲಿನ ಸಹಜ ರೂಢಿ. ಸಂಕೋಚವಿದ್ದವರು ಈಜುಕೊಳದ ಭಾಗಕ್ಕೆ ಮಾತ್ರ ಟಿಕೆಟ್ ಪಡೆಯಬೇಕು.

ಸಸ್ಯಾಹಾರಿಗಳು ‘ಓನೆ ಫ್ಲೈಷ್, ಓನೆ ಫಿಷ್’ (ಮಾಂಸವಿಲ್ಲದೆ, ಮೀನಿಲ್ಲದೆ) ಎಂಬಿಷ್ಟನ್ನು ಕಲಿತುಕೊಂಡರೆ ಸಾಲದು. ತರಕಾರಿ ಸೂಪಿನಲ್ಲೂ ಮಾಂಸದ ಸಾರು ಇರಬಹುದು, ಅಂಟು ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ. ಚೀಸ್ ಮತ್ತು ಹುರಿದ ಈರುಳ್ಳಿಯ ಕೇಸ್-ಷ್ಪೆಟ್ಸ್ಲೆ, ಆಲೂಗಡ್ಡೆಯ ಕಾರ್ಟೊಫೆಲ್‌ಪುಫರ್, ಜೂನ್ 24ರವರೆಗಿನ ಋತುವಿನಲ್ಲಿ ಬೆಣ್ಣೆ ಸಾಸಿನೊಂದಿಗೆ ಬಿಳಿ ಶತಾವರಿ ದಂಟು, ಇವು ನೆಚ್ಚಬಹುದಾದ ತಿನಿಸುಗಳು; ಶತಾವರಿಯ ಜೊತೆ ಹಂದಿಮಾಂಸದ ಹೋಳು ಬಾರದಂತೆ ಮೊದಲೇ ಹೇಳಬೇಕು. ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಚೆರ್ರಿಯ ಮದ್ಯ ಇದ್ದೇ ಇರುತ್ತದೆ, ನಮ್ಮ ಬೇಕರಿಗಳಂತೆ ಅಲ್ಲ. ಹೋಟೆಲಿನಲ್ಲಿ ನೀರು ಕೇಳಿದರೆ ಗ್ಯಾಸ್ ತುಂಬಿದ ಬಾಟಲಿ ಬರುತ್ತದೆ, ಅದಕ್ಕೆ ಹಣವೂ ಬೀಳುತ್ತದೆ. ಸಾದಾ ನೀರಿಗೆ ‘ಷ್ಟಿಲ್’ ಎನ್ನಬೇಕು. ಕೊಳಾಯಿ ನೀರು ಎಲ್ಲೆಡೆ ಕುಡಿಯಲು ಯೋಗ್ಯ, ಆದ್ದರಿಂದ ಸ್ವಂತ ಬಾಟಲಿ ಇರಲಿ. ಅಂಗಡಿಯಲ್ಲಿ ಕೊಂಡ, ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಪಾನೀಯದ ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಯಾವುದೇ ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ ಹಿಂದಕ್ಕೆ ಪಡೆಯಬಹುದು. ಬಿಲ್ಲು ಕೊಡುವಾಗ ಐದರಿಂದ ಹತ್ತು ಪ್ರತಿಶತ ಸೇರಿಸಿದ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳುವುದು ಕ್ರಮ. ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಹೋಗುವ ಪದ್ಧತಿ ಕಡಿಮೆ. ಹಳ್ಳಿಗಳ ಬೇಕರಿ, ಸಾರ್ವಜನಿಕ ಶೌಚಾಲಯಗಳಿಗಾಗಿ ಒಂದಿಷ್ಟು ನಾಣ್ಯಗಳು ಜೇಬಿನಲ್ಲಿರಲಿ.

ಹಿಂದಿರುಗುವ ಮೊದಲು

ಒಂದೇ ಬಿಲ್ಲಿನಲ್ಲಿ 50 ಯೂರೋಗಿಂತ ಹೆಚ್ಚು ಮೊತ್ತದ ವಸ್ತುಗಳನ್ನು ಕೊಂಡಿದ್ದರೆ, ಅಂಗಡಿಯವರಿಂದ ಮೌಲ್ಯವರ್ಧಿತ ತೆರಿಗೆ ಮರುಪಾವತಿಯ ಕಾಗದವನ್ನು ಕೊಳ್ಳುವಾಗಲೇ ಪಡೆದಿರಬೇಕು, ಪಾಸ್‌ಪೋರ್ಟ್ ಜೊತೆಗಿರಬೇಕು. ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ವಸ್ತುವನ್ನೇ ನೋಡಲು ಕೇಳಬಹುದಾದ್ದರಿಂದ, ಬಳಸದೆ ಉಳಿಸಿದ ಆ ವಸ್ತುಗಳಿರುವ ಪೆಟ್ಟಿಗೆಯನ್ನು ವಿಮಾನದ ಸಾಮಾನಿಗೆ ಒಪ್ಪಿಸಿಬಿಡುವ ಮೊದಲು ಅವರ ಮುದ್ರೆ ಹಾಕಿಸಿಕೊಳ್ಳಬೇಕು. ಮ್ಯೂನಿಕ್ ಮತ್ತು ಫ್ರಾಂಕ್‌ಫರ್ಟ್ ಎರಡರಲ್ಲೂ ಈ ಸಾಲು ಉದ್ದವಿರುತ್ತದೆ. ಅದಕ್ಕಾಗಿ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡು, ವಿಮಾನ ನಿಲ್ದಾಣಕ್ಕೆ ಒಂದು ರೈಲು ಮೊದಲೇ ಹಿಡಿಯಬೇಕು.